ದೊಡ್ಡ ಎಂಜಿನ್ನು, ಚಿಕ್ಕ ಎಂಜಿನ್ನು

ಆ ಮನೆಯ ಗಂಡಸರಿಬ್ಬರಿಗೂ ಕಾರಿನ ಎಂಜಿನ್ನಿನ ವಿಷಯದಲ್ಲಿ ಗೊತ್ತಿಲ್ಲದ್ದು ಅಂತ ಏನೂ ಇರಲಿಲ್ಲ. ಮೈಮೇಲಿನ ಅಂಗಿ ಕೊಳೆಯಾದ ಮೇಲೆ ಎಲ್ಲಿಗೆ ಹೋಗುತ್ತದೆ, ಮತ್ತೆ ಹೇಗೆ ಬೆಳ್ಳಗೆ ಗರಿಗರಿಯಾಗಿ ಕಪಾಟಿಗೆ ಬಂದು ಕೂರುತ್ತದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಲಾಂಡ್ರಿಯಾಗಿದ್ದೂ ಗೊತ್ತಿರಲಿಲ್ಲ ಅಂದರೆ ಅವರ ತಿಳಿವಳಿಕೆ ಯಾವ ಮಟ್ಟದ್ದು ಅಂತ ನೀವೇ ಅಂದಾಜು ಮಾಡಿಕೊಳ್ಳಿ.

ಲಾಂಡ್ರಿ ನಡೆಸುತ್ತಿದ್ದವಳು ಮನೆಯಾಕೆ. ಬೀದಿಗೆಲ್ಲ ಅವಳು ಲಾಂಡ್ರಿಯಮ್ಮ. ಎರಡು ದೊಡ್ಡ ಒಗೆಯುವ ಮಿಷನ್ನು, ನೀರು ಹಿಂಡುವ ಡ್ರಮ್ಮು, ಗೋಡೆಯುದ್ದಕ್ಕೂ ಇಸ್ತ್ರಿ ಮೇಜು, ಹಿತ್ತಲಲ್ಲಿ ತಂತಿಯ ಸಾಲು. ನರ್ಸಿಂಗ್ ಹೋಮಿನ ಏಪ್ರನ್ನು, ಕ್ಷೌರದಂಗಡಿಗಳ ಟವಲ್ಲು ಬರುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಗಿರಾಕಿ ಗುಡ್ಡದ ಮೇಲಿನ ಹೋಟೆಲ್ಲು, ಅಲ್ಲಿನ ಹಾಸಿಗೆ ಬಟ್ಟೆಯೇ ಆ ಮನೆಯ ಅನ್ನ. ಅತ್ತೆ ಒಗೆದರೆ ಸೊಸೆ ಇಸ್ತ್ರಿ ಹಾಕುವಳು. ಇಬ್ಬರ ಅಂಗೈಯೂ ಸೋಪಿನ ನೀರಿಗೆ ಸಿಕ್ಕಿ ಬಿರುಕು ಬಿಟ್ಟಿತ್ತು.

ಯಜಮಾನರು ಬಿಸ್ಕತ್ತು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಕಾರ್ಖಾನೆ ಮುಚ್ಚಿದಾಗ ಕೈಗೆ ಬಂದ ಗಂಟಿನಲ್ಲಿ ಅಲ್ಲಿನ ಮ್ಯಾನೇಜರ ಹಳೇ ಕಾರನ್ನೇ ಕೊಂಡುಕೊಂಡು ಬಂದರು. ಎರಡೂಮುಕ್ಕಾಲು ಸಾವಿರ ಸಿಸಿಯ ಎಂಜಿನ್ನು, ಕಪ್ಪು ಬಣ್ಣ, ಚರ್ಮದ ಸೀಟು. ಅವತ್ತಿನಿಂದ ಬೀದಿಯವರು ಅವರನ್ನು 'ಸಾಹೇಬ್ರೇ' ಅಂತ ಕರೆಯತೊಡಗಿದರು. ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ಗೇಲಿ. ಸಾಹೇಬರು ತಮಗೆ ಬೇಕಾದ ಅರ್ಧ ಮಾತ್ರ ಕಿವಿಗೆ ಹಾಕಿಕೊಂಡರು. ದಿನಾ ಬೆಳಿಗ್ಗೆ ಕಾರು ಒರೆಸಿ, ಬಾನೆಟ್ ಎತ್ತಿ, ಎಂಜಿನ್ ಶುರು ಮಾಡಿ, ಕಣ್ಣು ಮುಚ್ಚಿ ಕೇಳುತ್ತ ನಿಲ್ಲುವರು. ಹೆಂಡತಿ ಕಟ್ಟಿಕೊಂಡಾಗಿನಿಂದ ಆಡಿದ ಮಾತನ್ನೆಲ್ಲ ಸೇರಿಸಿದರೂ ಅಷ್ಟು ಗಮನ ಕೊಟ್ಟು ಕೇಳಿದವರಲ್ಲ.

ಮಗ ಫೋನ್ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನಿಗೆ ಅಪ್ಪನ ಕಾರು ಕಂಡರೆ ಮೈ ಉರಿ. ಈ ಕಾಲದಲ್ಲಿ ಸಾವಿರ ಸಿಸಿ ಸಾಕು, ಮೂರು ಸಿಲಿಂಡರ್ ಸಾಕು, ಟರ್ಬೊ ಒಂದಿದ್ದರೆ ದೊಡ್ಡ ಎಂಜಿನ್ ಮಾಡುವ ಕೆಲಸವನ್ನೆಲ್ಲ ಚಿಕ್ಕದೇ ಮಾಡುತ್ತದೆ ಅನ್ನುವುದು ಅವನ ವೇದಾಂತ. ವೇದಾಂತ ಅವನ ಬಳಿ ಬೇಕಾದಷ್ಟಿತ್ತು, ಕಾರು ಮಾತ್ರ ಇರಲಿಲ್ಲ.

ಇಷ್ಟು ದಿನ ಈ ಜಗಳ ಊಟದ ಜೊತೆ ನಂಚಿಕೊಳ್ಳುವ ಉಪ್ಪಿನಕಾಯಿಯಂತಿತ್ತು. ಬಟ್ಟೆ ಸಾಗಿಸುವ ಹಳೇ ವ್ಯಾನು ಕೆಟ್ಟು ನಿಂತ ಮೇಲೆ ಅದೇ ಊಟವಾಯಿತು. ಮೆಕ್ಯಾನಿಕ್ ಬಂದು, ಕೆಳಗೆ ತೂರಿ ನೋಡಿ, ಎದ್ದು ಕೈ ಒರೆಸಿಕೊಂಡು "ಇದನ್ನ ಇನ್ನು ಗುಜರಿಗೆ ಕೊಡೋದೇ ದಾರಿ ಅಮ್ಮ" ಅಂದ. ಅವನು ಗೇಟು ದಾಟುವ ಮೊದಲೇ ಊಟದ ಮೇಜಿನಲ್ಲಿ ಯುದ್ಧ ಶುರು.

"ಇದೇ ಸರಿಯಾದ ಸಮಯ ಅಪ್ಪ. ನಿಮ್ಮ ಆನೆ ಮಾರಿಬಿಡಿ. ಒಂದು ಚಿಕ್ಕ ಗಾಡಿ ತಗೊಳ್ಳೋಣ. ಮನೆಗೂ ಆಯ್ತು, ಲಾಂಡ್ರಿಗೂ ಆಯ್ತು."

"ಚಿಕ್ಕದು ಅಂದ್ರೆ? ಆ ಹೊಲಿಗೆ ಮಿಷನ್ನಾ?"

"ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು."

"ಕೀರ್ತಿ ಗುಡ್ಡ ಹತ್ತಲ್ಲ ಕಣೋ. ಮೇಕೆ ಕತ್ತಿಗೆ ನೊಗ ಕಟ್ಟಿ ಎತ್ತಿನ ಥರ ಎಳಿ ಅಂದ್ರೆ ಎಳಿಯುತ್ತಾ?"

"ನಿಮ್ಮ ಕಾಲದ ಫೋನೂ ಇಟ್ಟಿಗೆ ಗಾತ್ರ ಇತ್ತು. ಈಗ ಅಂಗೈಯಲ್ಲಿ ಲೋಕ ಇದೆ."

"ಇಟ್ಟಿಗೆ ಬಿದ್ರೆ ಒಡೀತಿರ್ಲಿಲ್ಲ. ನಿಂದು ಬಿದ್ರೆ ಚೂರು ಚೂರು. ಅದಕ್ಕೇ ನಿಮ್ಮಂಗಡಿ ನಡೀತಿರೋದು."

ಲಾಂಡ್ರಿಯಮ್ಮ ಬೇಯಿಸಿದ ಆಲೂಗಡ್ಡೆಯನ್ನು ಇಬ್ಬರ ತಟ್ಟೆಗೂ ಧೊಪ್ಪೆಂದು ಹಾಕಿದಳು. "ಹಿಂದೆ ನೆಲ ಸಮ ಇರಬೇಕು, ಬಾಗಿಲು ಅಗಲ ಇರಬೇಕು. ನನಗೆ ಬೇಕಾಗಿರೋದು ಅಷ್ಟೇ" ಅಂದಳು.

"ನಿನಗೆ ಗೊತ್ತಾಗಲ್ಲ ಇವಳೇ, ಇದು ಟಾರ್ಕಿನ ಪ್ರಶ್ನೆ, ಎಳೆಯೋ ಬಲದ್ದು" ಅಂದರು ಸಾಹೇಬರು.

"ಅಮ್ಮ, ಇದು ಮೈಲೇಜಿನ ಪ್ರಶ್ನೆ" ಅಂದ ಮಗ.

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆಯ ತುಟಿ ಒಂದು ಪಕ್ಕಕ್ಕೆ ಸೊಟ್ಟಗಾಯಿತು. ಮದುವೆಯಾಗಿ ಬಂದಾಗಿನಿಂದ ಸೊಸೆ ಕಂಡಿದ್ದ ಸೊಟ್ಟು ಅದು. ಅದಕ್ಕೆ ಅರ್ಥ ಒಂದೇ: ಈ ಎರಡು ಜೀವಗಳಿಂದ ಮೂರು ಕಾಸಿನ ಉಪಯೋಗವಿಲ್ಲ.

ಮಾರನೇ ದಿನದಿಂದ ಅತ್ತೆ ಸೊಸೆ ಬಸ್ಸಿನಲ್ಲಿ ಗಂಟು ಸಾಗಿಸತೊಡಗಿದರು. ಮುಂದಿನ ಬಾಗಿಲಲ್ಲಿ ಒಬ್ಬಳು ಹತ್ತಿ ಎಳೆಯಬೇಕು, ಕೆಳಗಿನಿಂದ ಇನ್ನೊಬ್ಬಳು ತಳ್ಳಬೇಕು. ಕಂಡಕ್ಟರು "ಏನಮ್ಮಾ, ಮನೆ ಖಾಲಿ ಮಾಡ್ತಿದ್ದೀರಾ?" ಅಂತ ಗೊಣಗಿ ಗಂಟಿಗೊಂದು ಟಿಕೇಟು ಹರಿಯುವನು. ಕೂತವರು ಕಾಲು ಮಡಚಿಕೊಂಡು ಶಾಪ ಹಾಕುವರು. ಇತ್ತ ಮನೆಯಂಗಳದಲ್ಲಿ ಕಪ್ಪು ಕಾರು ಮದುಮಗನಂತೆ ಮಿರಿಮಿರಿ ಮಿಂಚುತ್ತ ನಿಂತಿರುತ್ತಿತ್ತು.

ಒಂದು ದಿನ ನರ್ಸಿಂಗ್ ಹೋಮಿನಿಂದ ಮೇಲಿಂದ ಮೇಲೆ ಫೋನು. ಸೊಸೆಗೆ ಜ್ವರ. ಲಾಂಡ್ರಿಯಮ್ಮ ಅಂಗಳಕ್ಕೆ ಬಂದು, ಬಾಯಿ ಬಿಟ್ಟು ಕೇಳಿದಳು. ಅವಳಿಗೆ ಕೇಳಿ ಅಭ್ಯಾಸವಿರಲಿಲ್ಲ.

"ರೀ, ಈ ಏಪ್ರನ್ ಗಂಟು ಒಂದು ಬಿಟ್ಟು ಬರ್ತೀರಾ?"

ಸಾಹೇಬರು ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದವರು ಬೆಚ್ಚಿದರು. "ಆಸ್ಪತ್ರೆ ಬಟ್ಟೆ? ನನ್ನ ಕಾರಲ್ಲಾ?"

"ಒಗೆದಿದ್ದು ರೀ."

"ಒಗೆದ್ರೂ ಆಸ್ಪತ್ರೇದು ಆಸ್ಪತ್ರೇದೇ. ಚರ್ಮದ ಸೀಟು ಇದು, ವಾಸನೆ ಹತ್ತಿದ್ರೆ ಹೋಗಲ್ಲ."

"ನಿಮ್ಮ ಮೈಗೆ ಸೋಮಾರಿತನದ ವಾಸನೆ ಹತ್ತಿ ಎಷ್ಟು ವರ್ಷ ಆಯ್ತು, ಅದು ಹೋಯ್ತಾ?" ಅಂದು ಅವಳು ಗಂಟು ತಲೆಗೇರಿಸಿಕೊಂಡು ನಡೆದಳು.

ಮಗನೂ ಏನು ಕಡಿಮೆಯಿಲ್ಲ. ಅಂಗಡಿಯಿಂದ ಬಂದವನು ಮೊಟ್ಟೆ ಬ್ರೆಡ್ಡು ಮುಂದಿಟ್ಟುಕೊಂಡು, ಶೋರೂಮಿನಿಂದ ತಂದ ಬಣ್ಣದ ಹಾಳೆಗಳನ್ನು ಇಸ್ತ್ರಿ ಮೇಜಿನ ಮೇಲೆ ಹರಡುವನು. "ನೋಡಮ್ಮ, ಎಷ್ಟು ಮುದ್ದಾಗಿದೆ."

"ಮುದ್ದು ಮಾಡಕ್ಕೆ ಮಗು ಹೆತ್ಕೋ. ಹಾಳೆ ತೆಗಿ, ದಿಂಬಿನ ಕವರಿಗೆ ಮಸಿ ಹತ್ತುತ್ತೆ."

ಹೀಗೆ ವಾರಗಳು ಕಳೆದವು. ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡದೆ, ಆದರೆ ಒಬ್ಬರನ್ನೊಬ್ಬರು ಒಂದು ಹೊತ್ತೂ ಬಿಡದೆ ಕಾದಾಡಿದರು. ಸಾಹೇಬರು ಬೀದಿಯ ಚಾದಂಗಡಿಯಲ್ಲಿ ತಮ್ಮ ಕಡೆಗೆ ಜನ ಕಟ್ಟಿದರು. ಮಗ ಅಂಗಡಿಯ ಗೆಳೆಯರನ್ನು ಮನೆಗೇ ಕರೆತಂದು ಅಪ್ಪನ ಎದುರು ಕೂರಿಸಿದ. ಬಂದವರಿಗೆಲ್ಲ ಟೀ ಮಾಡಿಕೊಟ್ಟಿದ್ದು ಜ್ವರ ಬಿಟ್ಟು ಎದ್ದ ಸೊಸೆ.

ಆಗ ಬಂತು ಹೋಟೆಲಿನ ಕರೆ. ಯಾವುದೋ ಆಟಗಾರರ ತಂಡ ಬಂದು ಇಳಿಯುವುದಿದೆ, ಎಲ್ಲ ಕೋಣೆಯೂ ಭರ್ತಿ, ಇದ್ದ ಬಟ್ಟೆಯೆಲ್ಲ ಶನಿವಾರ ಮಧ್ಯಾಹ್ನದೊಳಗೆ ಬೇಕು. ಅತ್ತೆ ಸೊಸೆ ಬೆನ್ನು ಮುರಿದು ಒಗೆದು, ಒಣಗಿಸಿ, ಇಸ್ತ್ರಿ ಹಾಕಿ, ಗಂಟು ಕಟ್ಟಿದರು. ಅಷ್ಟು ಗಂಟು ಬಸ್ಸಿನಲ್ಲಿ ಆಗದ ಮಾತು.

"ನಾನು ತಗೊಂಡು ಹೋಗ್ತೀನಿ" ಅಂದ ಮಗ. "ಗೆಳೆಯನ ಕಾರು ಕೇಳಿದ್ದೀನಿ. ಸಾವಿರ ಸಿಸಿ. ಅಪ್ಪನೂ ನೋಡ್ಲಿ, ಗುಡ್ಡ ಹೇಗೆ ಹತ್ತುತ್ತೆ ಅಂತ."

ಸಾಹೇಬರು ಕುರ್ಚಿಯಿಂದ ಎದ್ದರು. "ಅರ್ಧ ಗಂಟು ನನ್ನ ಕಾರಿಗೆ ಹಾಕಿ. ಪ್ಲಾಸ್ಟಿಕ್ ಹಾಸಿ ಹಾಕಿ. ನಾನೂ ನೋಡೇಬಿಡ್ತೀನಿ."

ಲಾಂಡ್ರಿಯಮ್ಮನಿಗೆ ಇಬ್ಬರ ಮೇಲೂ ಎಳ್ಳಷ್ಟು ನಂಬಿಕೆಯಿರಲಿಲ್ಲ. ಬೇರೆ ದಾರಿಯೂ ಇರಲಿಲ್ಲ. "ಇಸ್ತ್ರಿಯ ಹಬೆಯಾಡೋ ಬಟ್ಟೆ, ಧೂಳು ತಾಗಬಾರದು. ಕಿಟಕಿ ಮುಚ್ಚಿ. ಮೆಲ್ಲಗೆ ಹೋಗಿ. ಇದು ಪಂದ್ಯ ಅಲ್ಲ" ಅಂದಳು. ಇಬ್ಬರೂ ವಿಧೇಯ ಮಕ್ಕಳ ಹಾಗೆ ತಲೆಯಾಡಿಸಿದರು. ಆ ತಲೆಯಾಟ ನೋಡಿಯೇ ಅವಳು ಗಂಡನ ಪಕ್ಕ ಕೂತಳು, ಸೊಸೆಯನ್ನು ಮಗನ ಪಕ್ಕ ಕೂರಿಸಿದಳು.

ಊರೊಳಗಿನ ಇಕ್ಕಟ್ಟಿನಲ್ಲಿ ಚಿಕ್ಕ ಕಾರು ಇಲಿಯಂತೆ ನುಸುಳಿ ಮುಂದೆ ಹೋಯಿತು. ಸಾಹೇಬರು ಹಲ್ಲು ಕಚ್ಚಿದರು. "ಓಡ್ಲಿ, ಓಡ್ಲಿ. ಗುಡ್ಡ ಬರ್ಲಿ."

"ಮೆಲ್ಲಗೆ ರೀ."

"ಮೆಲ್ಲಗೇ ಹೋಗ್ತಿರೋದು. ದೊಡ್ಡ ಎಂಜಿನ್ನಿನಲ್ಲಿ ವೇಗ ಗೊತ್ತೇ ಆಗಲ್ಲ."

ಏರು ಶುರುವಾದ ಕೂಡಲೇ ಚಿಕ್ಕ ಕಾರಿನ ಸ್ವರ ಬದಲಾಯಿತು. ಹಿಂದೆ ಗಂಟಿನ ಭಾರ, ಎದುರಿಗೆ ಕಡಿದು ಏರು. ಮೊದಲನೇ ಗೇರಿನಲ್ಲಿ ಅದು ಕೀರಲು ದನಿಯಲ್ಲಿ ಅಳುತ್ತ ಹತ್ತುತ್ತಿತ್ತು. ಹಿಂದಿನ ಬಾಗಿಲು ಗಂಟಿನ ಒತ್ತಡಕ್ಕೆ ಸರಿಯಾಗಿ ಮುಚ್ಚದೆ, ಮಗ ಅದನ್ನು ಹಗ್ಗದಲ್ಲಿ ಕಟ್ಟಿದ್ದ. ಸಾಹೇಬರ ಮುಖದಲ್ಲಿ ಹುಣ್ಣಿಮೆ. ತಿರುವಿನಲ್ಲಿ ಹಾರನ್ನು ಒತ್ತಿ ಹಿಡಿದು ಕಾರನ್ನು ಬಲಕ್ಕೆ ಎಳೆದರು. ಮಗ ಜಾಗ ಬಿಡಲಿಲ್ಲ. ಎರಡೂ ಕಾರು ಒಂದರ ಪಕ್ಕ ಒಂದು. ಲಾಂಡ್ರಿಯಮ್ಮನಿಗೆ ಪಕ್ಕದ ಕಿಟಕಿಯಲ್ಲಿ ಮಗನ ಭುಜದಾಚೆ ಸೊಸೆಯ ಮುಖ ಕಂಡಿತು, ಬಾಯಿ ತೆರೆದು ಏನೋ ಕೂಗುತ್ತಿದ್ದಳು. ಮಗನ ಕಣ್ಣು ರಸ್ತೆಯ ಮೇಲಿರಲಿಲ್ಲ, ಅಪ್ಪನ ಮೇಲಿತ್ತು.

ಒಡೆದ ಪೈಪಿನ ನೀರು ಹರಿದು ಅಲ್ಲಿ ರಸ್ತೆಯಂಚು ಕೆಸರಾಗಿತ್ತು. ಚಿಕ್ಕ ಕಾರು ಜಾರಿ ಮೋರಿಯ ಕಟ್ಟೆಗೆ ಮೂತಿ ಗುದ್ದಿ ನಿಂತಿತು. ಹಗ್ಗ ಕಿತ್ತು ಹಿಂದಿನ ಬಾಗಿಲು ತೆರೆದುಕೊಂಡು ಗಂಟುಗಳು ಒಂದೊಂದಾಗಿ ಕೆಸರಿಗೆ ಉರುಳಿದವು.

ಸಾಹೇಬರು ಮೇಲೆ ಹೋಗಿ ಕಾರು ನಿಲ್ಲಿಸಿದರು. "ಹೇಳಿರ್ಲಿಲ್ವಾ ನಾನು!" ಅಂದರು. ಇಳಿಯಲಿಲ್ಲ. ಮಗನಿಗೆ ಮುಖಕ್ಕೆ ಮುಖ ಕೊಟ್ಟೇ ಹೇಳಬೇಕಿತ್ತು. ರಿವರ್ಸ್ ಗೇರು ಹಾಕಿ, ಪಕ್ಕದ ಕಿಟಕಿಯಿಂದ ತಲೆ ಹೊರಗೆ ಚಾಚಿ ಮಗನನ್ನೇ ನೋಡುತ್ತ ಹಿಂದಕ್ಕೆ ಬಂದರು.

"ನಿಲ್ಲಿಸ್ರೀ! ಗಂಟು! ಗಂಟಿದೆ ರೀ ಹಿಂದೆ!"

ಮೆತ್ತಗೆ ಒಂದು ಏರಿಳಿತ. ಮತ್ತೊಂದು. ಎರಡೂಮುಕ್ಕಾಲು ಸಾವಿರ ಸಿಸಿಯ ಎಂಜಿನ್ನಿಗೆ ಅದೇನು ಲೆಕ್ಕವೇ, ಗೊತ್ತೇ ಆಗಲಿಲ್ಲ. ಗಂಟು ಸಿಡಿದು, ಬಿಳೀ ಬಟ್ಟೆ ಚಕ್ರಕ್ಕೆ ಸುತ್ತಿಕೊಂಡಿತು.

ಲಾಂಡ್ರಿಯಮ್ಮ ಇಳಿದು ಓಡಿದಳು. ಸೊಸೆ ಚಿಕ್ಕ ಕಾರಿನಿಂದ ಇಳಿದು ಮೊಣಕೈ ಹಿಡಿದು ನಿಂತಿದ್ದಳು, ರಕ್ತ ಸಣ್ಣಗೆ ತೊಟ್ಟಿಕ್ಕುತ್ತಿತ್ತು. ಮಗ ಅವಳನ್ನು ದಾಟಿಕೊಂಡು ಮುಂದೆ ಹೋಗಿ ಬಗ್ಗಿ ಬಂಪರು ಸವರಿ ನೋಡಿದ. ಸೊಸೆ ಅದನ್ನು ನೋಡಿದಳು. ಅತ್ತೆಯೂ ನೋಡಿದಳು.

"ಪೂರ್ತಿ ಲೋಡ್ ಹಾಕಿದ್ರೆ ಟರ್ಬೊ ಎಳಿಯೋಕೆ ಸ್ವಲ್ಪ ಹೊತ್ತು ಬೇಕು, ಅಷ್ಟೇ. ನೀವು ಅಡ್ಡ ಬರದಿದ್ರೆ ಹತ್ತುತ್ತಿತ್ತು."

"ಹತ್ತೋದಾ? ತಿದಿ ಒತ್ತಿದ ಹಾಗೆ ಏದುಸಿರು ಬಿಡ್ತಿತ್ತಲ್ಲೋ!"

ಕೋಣ ಕೋಣ ಗುದ್ದಾಡಿದರೆ ಗಿಡಕ್ಕೆ ಸಾವು ಅಂತಾರೆ. ಅವರು ರಸ್ತೆಯಲ್ಲಿ ನಿಂತು ಗುದ್ದಾಡಿದರು. ಇವರಿಬ್ಬರು ಮಂಡಿಯೂರಿ ಕೆಸರಿನಿಂದ ಬಟ್ಟೆ ಆರಿಸಿದರು.

ಹೋಟೆಲಿನ ಹಿಂಬಾಗಿಲಲ್ಲಿ ಕೋಣೆಗಳ ಮೇಲ್ವಿಚಾರಕಿ ಅರ್ಧ ಗಂಟುಗಳನ್ನು ಇಳಿಸಿಕೊಂಡಳು. ಉಳಿದರ್ಧ ನೋಡಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ನಿಮ್ಮ ಕೆಲಸದ ಮೇಲೆ ನಾನು ಯಾವತ್ತೂ ದೂರು ಹೇಳಿದವಳಲ್ಲ ಅಮ್ಮ. ಆದ್ರೆ ಬಟ್ಟೆ ಇಲ್ಲಿಗೆ ಬರೋವರೆಗೂ ಕೆಲಸ ನಿಮ್ದೇ ತಾನೇ? ಇವತ್ತು ಬರೋರನ್ನ ನಾನು ಎಲ್ಲಿ ಮಲಗಿಸ್ಲಿ? ಇನ್ಮೇಲೆ ಬೇರೆಯವರಿಗೆ ಕೊಡ್ತೀವಿ. ಕೆಸರಾದದ್ದು ಒಗೆದು ತಂದುಕೊಡಿ" ಅಂದಳು.

ಆ ಸಂಜೆ ನಾಲ್ವರೂ ಊಟದ ಮೇಜಿಗೆ ಕೂತರು. ಸಾಹೇಬರು ಬ್ರೆಡ್ಡು ಮುರಿಯುತ್ತ, "ಏನೇ ಹೇಳು, ಏರಿನಲ್ಲಿ ಸಾವಿರ ಸಿಸಿ..." ಅಂದರು.

ಲಾಂಡ್ರಿಯಮ್ಮ ಎದ್ದು ಇಬ್ಬರ ಮುಂದಿನ ತಟ್ಟೆಯನ್ನೂ ಎತ್ತಿಕೊಂಡು ಹೋಗಿ ತೊಟ್ಟಿಯಲ್ಲಿ ಹಾಕಿದಳು.

ಬೆಳಿಗ್ಗೆ ನೋಡಿದರೆ ಸೊಸೆ ಬ್ಯಾಗು ತುಂಬಿಕೊಳ್ಳುತ್ತಿದ್ದಾಳೆ. ಮೊಣಕೈಗೆ ಪಟ್ಟಿ.

"ಎಲ್ಲಿಗೆ?"

"ನಮ್ಮಕ್ಕನ ಮನೆಗೆ. ಅವಳ ಟೈಲರಿಂಗ್ ಅಂಗಡೀಲಿ ಕೆಲಸ ಇದೆ."

"ಹೋಗು. ಅವನ ಮುಖಕ್ಕೆ ಇದು ಸರಿಯಾದ ಶಾಸ್ತಿ. ಹೆಂಡತಿ ಬಿಟ್ಟು ಬಂಪರ್ ನೋಡ್ದ, ನಾಲಾಯಕ್ಕು. ಅಪ್ಪನ ಹಾಗೇ."

ಸೊಸೆ ಬ್ಯಾಗಿನ ಜಿಪ್ಪು ಎಳೆದು ಅತ್ತೆಯ ಕಡೆ ತಿರುಗಿದಳು. "ಅವರಿಬ್ಬರಿಂದ ಮಾತ್ರ ಹೋಗ್ತಿಲ್ಲ ಅತ್ತೆ. ಈ ಮನೇಲಿ ಯಾರಿಗೆ ಯಾರನ್ನ ಕಂಡ್ರೂ ಅಸಡ್ಡೆ. ಮಾವಂಗೆ ಇವರನ್ನ ಕಂಡ್ರೆ, ಇವರಿಗೆ ಮಾವನ್ನ ಕಂಡ್ರೆ, ನಿಮಗೆ ಇಬ್ಬರನ್ನೂ ಕಂಡ್ರೆ. ನಡುವೆ ನಾನು ಉಸಿರಾಡೋದೆಲ್ಲಿ?"

"ನಾನೇನೇ ಮಾಡ್ದೆ? ದುಡೀತಿರೋಳು ನಾನು!"

"ನೀವೇ ದುಡೀರಿ. ಯಾವತ್ತಾದ್ರೂ ಅವರ ಕೈಗೆ ಒಂದು ಟವಲ್ ಕೊಟ್ಟು ನೋಡಿದ್ದೀರಾ? ಮದುವೆ ಆದ ಹೊಸದ್ರಲ್ಲಿ ಇವರು ಒಂದು ಸಲ ಇಸ್ತ್ರಿ ಮುಟ್ಟಿದ್ರು. ಕಿತ್ಕೊಂಡ್ರಿ ನೀವು. ನಿನ್ನ ಕೈಲಾಗಲ್ಲ ಹೋಗು ಅಂದ್ರಿ."

"ಕೊಟ್ರೆ ಹಾಳು ಮಾಡ್ತಾರೆ."

"ಕೊಡದಿದ್ದಾಗ ಏನು ಉಳೀತು?"

ಅವಳು ಹೋದಳು. ಮಗ ಬಾಗಿಲವರೆಗೆ ಹೋಗಿ ಏನೇನೋ ಹೇಳಿದ. ಅವಳು ಮೊಣಕೈಯ ಪಟ್ಟಿ ತೋರಿಸಿದಳು, ಅಷ್ಟೇ.

ಲಾಂಡ್ರಿಯಮ್ಮ ಕೆಸರಾದ ಬಟ್ಟೆಯ ರಾಶಿಯ ಮುಂದೆ ಸುಮ್ಮನೆ ಕೂತಳು. ನರ್ಸಿಂಗ್ ಹೋಮಿನ ಗಂಟು ಬೇರೆ ಬಿಚ್ಚದೆ ಬಿದ್ದಿತ್ತು. ಎಷ್ಟೋ ಹೊತ್ತಿನ ಮೇಲೆ ಎದ್ದು ಅಂಗಳಕ್ಕೆ ಹೋದಳು. ಸಾಹೇಬರು ಬಾನೆಟ್ ಎತ್ತಿ ನಿಂತಿದ್ದರು.

"ಹಿಂದಿನ ಸೀಟು ಬಿಚ್ಚಿ."

"ಏನು?"

"ಸೀಟು ಬಿಚ್ಚಿ. ಹಲಗೆ ಹಾಕಿಸ್ತೀನಿ. ಇನ್ಮೇಲೆ ಇದೇ ವ್ಯಾನು."

"ತಲೆ ಕೆಟ್ಟಿದ್ಯಾ? ಮ್ಯಾನೇಜರ್ ಕೂರ್ತಿದ್ದ ಸೀಟು ಅದು!"

"ಮ್ಯಾನೇಜರ್ ಎದ್ದು ಹೋಗಿ ಯಾವ ಕಾಲ ಆಯ್ತು. ಬಿಚ್ಚಲ್ವಾ? ಸರಿ. ನಾನೂ ನಮ್ಮಣ್ಣನ ಮನೆಗೆ ಹೋಗ್ತೀನಿ. ಅಪ್ಪ ಮಗ ಎಂಜಿನ್ ಬೇಯಿಸಿಕೊಂಡು ತಿನ್ನಿ. ದೊಡ್ಡದು ಬೇಕೋ, ಚಿಕ್ಕದು ಬೇಕೋ ನೀವೇ ತೀರ್ಮಾನ ಮಾಡ್ಕೊಳ್ಳಿ."

ಅವಳು ಹೋಗುವವಳೇ ಅಂತ ಅವಳ ಮುಖ ಹೇಳುತ್ತಿತ್ತು. ಸಾಹೇಬರು ಬಾನೆಟ್ ಇಳಿಸಿದರು. ಸೀಟಿನ ಬೋಲ್ಟು ತುಕ್ಕು ಹಿಡಿದು ಒಬ್ಬರ ಕೈಗೆ ಬಗ್ಗಲಿಲ್ಲ. ಕೊನೆಗೆ ಒಳಗಿನಿಂದ ಮಗ ಬಂದು ಪಾನಾ ಹಿಡಿದ. "ಎಡಕ್ಕೆ ತಿರುಗಿಸೋ." "ಗೊತ್ತು ಅಪ್ಪ." "ಗೊತ್ತಿದ್ರೆ ಬಲಕ್ಕೆ ಯಾಕೆ ತಿರುಗಿಸ್ತೀಯ?" ಸೀಟು ಹೊರಗೆ ಬಂದಾಗ ಸಾಹೇಬರು ಅದನ್ನು ಹೆಣ ಇಳಿಸುವವರ ಹಾಗೆ ಮೆಲ್ಲಗೆ ವರಾಂಡದಲ್ಲಿಟ್ಟರು. ಮಗ ನಗಲಿಲ್ಲ. ನಕ್ಕಿದ್ದರೆ ಅವತ್ತೂ ಅವನ ತಟ್ಟೆ ತೊಟ್ಟಿ ಸೇರುತ್ತಿತ್ತು.

ಅಲ್ಲಿಂದ ಮುಂದೆ ನಡೆದದ್ದನ್ನು ನೋಡಲು ಅವಳಿಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಸಾಹೇಬರು ಬಣ್ಣದ ಟವಲ್ಲನ್ನು ಬಿಳಿಯ ಜೊತೆ ಮಿಷನ್ನಿಗೆ ತುರುಕಿ, ಒಂದು ರಾಶಿ ಏಪ್ರನ್ನನ್ನು ಗುಲಾಬಿ ಮಾಡಿದರು. ಮಗ ಅಂಗಡಿಗೆ ಹೋಗುವ ಮೊದಲು ಇಸ್ತ್ರಿ ಹಿಡಿದು ದಿಂಬಿನ ಕವರಿನ ಮೇಲೆ ಕಂದು ಬಣ್ಣದ ತ್ರಿಕೋನ ಮೂಡಿಸಿದ. ಅವಳ ಕೈ ಕಿತ್ತುಕೊಳ್ಳಲು ತುರಿಸುತ್ತಿತ್ತು. "ಎರಡೂ ಕೈಯಿದ್ದೂ ಇಷ್ಟೇನಾ? ಕಪ್ಪೆಗೆ ಕಲಿಸಿದ್ರೂ ಇಷ್ಟು ಹೊತ್ತಿಗೆ ಕಲೀತಿತ್ತು" ಅಂತ ಬೈದಳು. ಬೈದಳೇ ಹೊರತು ಕಿತ್ತುಕೊಳ್ಳಲಿಲ್ಲ. ಗುಲಾಬಿ ಏಪ್ರನ್ನನ್ನು ಮತ್ತೆ ಬಿಳಿ ಮಾಡುವ ಹೊತ್ತಿಗೆ ಸಾಹೇಬರ ಬೆರಳು ಬಿರಿದು, ರಾತ್ರಿಯೂಟದಲ್ಲಿ ಉಪ್ಪು ಮುಟ್ಟಿದ ಕೂಡಲೇ "ಸ್ಸ್" ಅಂದರು. "ಇಷ್ಟು ಉರಿಯುತ್ತಾ ಇದು?" ಅಂತ ಕೇಳಿದರು. ಅವಳು ಮುಲಾಮಿನ ಡಬ್ಬಿ ಅವರ ಕಡೆ ತಳ್ಳಿದಳು.

ಒಂದು ಮಧ್ಯಾಹ್ನ ಅವಳೇ ಸೊಸೆಗೆ ಫೋನು ಮಾಡಿದಳು.

"ಏಪ್ರನ್ನಿಗೆ ಗಂಜಿ ಹದ ಬರ್ತಿಲ್ಲ."

"ನಿಮಗೆ ಬರದ ಹದ ಇದ್ಯಾ ಅತ್ತೆ?"

ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿತ್ತು. ಲಾಂಡ್ರಿಯಮ್ಮ "ಇದೆ" ಅಂದಳು. "ತುಂಬಾ ಇದೆ."

ಸೊಸೆ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಮುಂದಿನ ಭಾನುವಾರ ಅವಳು ಬಾಗಿಲಲ್ಲಿ ಬಂದು ನಿಂತಾಗ ಅಪ್ಪ ಮಗ ಹಾಸಿಗೆ ಬಟ್ಟೆಯ ಎರಡು ತುದಿ ಹಿಡಿದು ಮಡಿಸುತ್ತಿದ್ದರು. ಹೋಟೆಲಿಗೆ ಹಿಂದಿರುಗಿಸಬೇಕಾದ ಕೊನೆಯ ಬಟ್ಟೆಗಳು ಅವು. ಹೋಟೆಲಿನವರು ಮನಸ್ಸು ಬದಲಿಸಿರಲಿಲ್ಲ, ಬದಲಿಸುವವರೂ ಅಲ್ಲ. ಇಬ್ಬರೂ ಹಿಂದೆ ಸರಿದು ಬಟ್ಟೆ ಬಿಗಿ ಮಾಡುವರು, ಮತ್ತೆ ಮುಂದೆ ನಡೆದು ಬಂದು ಅಂಚಿಗೆ ಅಂಚು ಕೂಡಿಸುವರು. ಬಾಯಿ ಮಾತ್ರ ನಿಂತಿರಲಿಲ್ಲ.

"ಆ ಗುಡ್ಡಕ್ಕೆ ಸಾವಿರದಿನ್ನೂರು ಸಿಸಿ ಇದ್ದಿದ್ರೆ ಸಾಕಿತ್ತು ಅಪ್ಪ."

"ಸಾವಿರದೈನೂರು. ಅದಕ್ಕಿಂತ ಕೆಳಗೆ ನಾನು ಇಳಿಯಲ್ಲ."

"ಅಂಚು!" ಅಂದಳು ಲಾಂಡ್ರಿಯಮ್ಮ. "ಬಾಯಿ ಹಿಡಿದಷ್ಟು ಭದ್ರವಾಗಿ ಅಂಚು ಹಿಡೀರಿ!"

ಅವರು ಮಡಿಸಿ ಕೊಟ್ಟ ಬಟ್ಟೆ ಒಂದು ಕಡೆ ಬೆರಳಗಲ ಸೊಟ್ಟಗಿತ್ತು. ಅವಳು ಅದನ್ನು ಕೈಯಲ್ಲಿ ಹಿಡಿದು ನೋಡಿದಳು. ತುಟಿ ಪಕ್ಕಕ್ಕೆ ಹೋಯಿತು. ಬಿಚ್ಚಿ ಮತ್ತೆ ಮಡಿಸಲು ಬೆರಳು ಮಡಿಕೆಯೊಳಗೆ ಇಳಿಯಿತು. ಆಗ ಬಾಗಿಲಲ್ಲಿದ್ದ ಸೊಸೆಯ ಕಣ್ಣು ತನ್ನ ಕೈಯ ಮೇಲಿರುವುದು ಕಂಡಿತು.

ಬೆರಳು ಹೊರಗೆ ಬಂತು. ಸೊಟ್ಟ ಬಟ್ಟೆಯನ್ನು ಹಾಗೇ ಒಯ್ದು ರಾಶಿಯ ಮೇಲಿಟ್ಟು, ಅಂಗೈಯಿಂದ ಒಮ್ಮೆ ತಟ್ಟಿದಳು.

"ಒಳಗೆ ಬಾ" ಅಂದಳು. "ಬಾಗಿಲಲ್ಲಿ ನಿಂತ್ರೆ ಧೂಳು ಬರುತ್ತೆ."